ಒಂಬತ್ತನೇ ತರಗತಿಯ ಐಟಿ, ಆಟೊಮೊಬೈಲ್ ವಿಷಯ ಮಕ್ಕಳನ್ನ ಮುಂದೆ ಎಲ್ಲಿಗೆ ಒಯ್ಯುತ್ತದೆ? (ಕಲಬುರಗಿ, ಬೀದರ್, ಯಾದಗಿರಿಯವರು ಬರೀರಿ)

ಸೇಡಂ_ವಿಜ್ಞಾನ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, ಶೇ 50.59. 2025ರ ಮೊದಲ ಪರೀಕ್ಷೆಯಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು, ಶೇ 42.43. ಫಲಿತಾಂಶ ಬಂದ ಮೇಲೆ ಸಭೆಗಳ ಮೇಲೆ ಸಭೆ. ವಿಶೇಷ ತರಗತಿ, ರಾತ್ರಿ ಓದು, ಪ್ರಶ್ನೆ ಬ್ಯಾಂಕ್, ದತ್ತು ವಿದ್ಯಾರ್ಥಿ. ಇವೆಲ್ಲ ಬೇಕು, ಬೇಡ ಅನ್ನೋದಿಲ್ಲ. ಆದರೆ ಈ ಮಕ್ಕಳ ಕೈಗೆ ಕೊಡುವ ಅಂಕಪಟ್ಟಿಯಲ್ಲಿ ಏನೇನು ಇರಬೇಕು ಅನ್ನುವ ಮಾತನ್ನು ಯಾವ ಸಭೆಯಲ್ಲೂ ನಾನು ಕೇಳಿಲ್ಲ.

ಗೊತ್ತಿಲ್ಲದ ಪಾಲಕರಿಗಾಗಿ ಹೇಳುತ್ತೇನೆ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವಿಷಯ, ಅಂದರೆ ಕಸುಬಿನ ವಿಷಯ ಇದೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಹೆಲ್ತ್‌ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್, ಹೀಗೆ. ಮಗು ತೃತೀಯ ಭಾಷೆ ಬಿಟ್ಟು ಇದನ್ನು ತಗೋಬಹುದು. ಪರೀಕ್ಷೆಯೂ ತೃತೀಯ ಭಾಷೆಯ ದಿನವೇ. ಕೇಂದ್ರ ಸರ್ಕಾರ ಈ ಚೌಕಟ್ಟನ್ನು ಅಧಿಸೂಚಿಸಿದ್ದು 2013ರಲ್ಲಿ. ಆಗಿನ ಲೆಕ್ಕದ ಪ್ರಕಾರ ಒಂಬತ್ತು ಅಂದರೆ ಹಂತ 1, ಹತ್ತು ಅಂದರೆ ಹಂತ 2, ಪಿಯು ಎರಡು ವರ್ಷಕ್ಕೆ ಹಂತ 3 ಮತ್ತು 4.

ಕಾಗದದ ಮೇಲೆ ಏಣಿ ಚೆನ್ನಾಗಿದೆ. ನಮ್ಮಲ್ಲಿ ಎರಡನೇ ಮೆಟ್ಟಿಲಿಗೇ ಅದು ನಿಂತುಬಿಡುತ್ತದೆ. ನಮ್ಮ ಶಾಲೆಯಲ್ಲಿ ಆಟೊಮೊಬೈಲ್ ತಗೊಂಡ ಹುಡುಗರು ಹತ್ತು ಮುಗಿಸಿ ಹೋಗುವ ಪಿಯು ಕಾಲೇಜಿನಲ್ಲಿ ಆ ವಿಷಯವೇ ಇಲ್ಲ. ಐಟಿಐಗೆ ಹೋದರೆ ಅಲ್ಲಿ ಎಲ್ಲರ ಜೊತೆ ಮತ್ತೆ ಮೊದಲಿನಿಂದ. ಎರಡು ವರ್ಷ ಕಲಿತದ್ದಕ್ಕೆ ಅಂಕ ಸಿಕ್ಕಿತು, ಮುಂದಿನ ದಾರಿಯಲ್ಲಿ ಬೆಲೆ ಸಿಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಕಸುಬಿನ ವಿಷಯ ಪ್ರತಿ ಮಗುವಿನ ಎಸ್‌ಎಸ್‌ಎಲ್‌ಸಿಯಲ್ಲೂ ಇರಬೇಕು, ಅದೇ ಅಂಕಪಟ್ಟಿಯಲ್ಲಿ ಇರಬೇಕು, ಮತ್ತು ಮುಂದೆ ಪಿಯು, ಐಟಿಐ, ಡಿಪ್ಲೊಮಾ ಯಾವುದಕ್ಕೆ ಹೋದರೂ ಅದು ಲೆಕ್ಕಕ್ಕೆ ಬರಬೇಕು. ನಿಮ್ಮ ಅನುಭವ ಬರೀರಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಮನವಿ ಇಡಬೇಕೆಂದಿದ್ದೇನೆ.

ಕಡೇಚೂರ್_ಫಿಟ್ಟರ್

ಸರ, ಛಲೋ ವಿಷಯ ತೆಗೆದೀರಿ. ನಾ ಐಟಿಐ ಫಿಟ್ಟರ್ ಮಾಡೀನಿ, ಈಗ ಕಡೇಚೂರ್ ಇಂಡಸ್ಟ್ರಿಯಲ್ ಏರಿಯಾದಾಗ ಕೆಲಸ. ನಮ್ಮ ಕಡಿ ಹುಡುಗ್ರು ಎಸ್‌ಎಸ್‌ಎಲ್‌ಸಿ ಮುಗಿಸಿ ಸೀದಾ ಹೆಲ್ಪರ್ ಅಂತ ಬರ್ತಾರ, ಕಾಂಟ್ರ್ಯಾಕ್ಟರ್ ಕೈಯಾಗ. ಹಾಂಗ ಬಂದವರು ಹೆಲ್ಪರ್ ಆಗೇ ಉಳೀತಾರ.

ಹೋದ ವರ್ಷ ನಮ್ಮೂರ ಹುಡುಗ ಒಬ್ಬ ತನ್ನ ಎನ್‌ಎಸ್‌ಕ್ಯೂಎಫ್ ಸರ್ಟಿಫಿಕೇಟ್ ತೋರ್ಸಿದ. ಆಫೀಸಿನಾಗ ಇದ್ದವ್ರು ಹಿಂದ್ ಮುಂದ್ ತಿರುವಿ ನೋಡಿ, ಐಟಿಐ ಅದ ಏನು ಅಂತ ಕೇಳಿ ವಾಪಸ್ ಕೊಟ್ರು. ಅವ್ರಿಗೂ ಅದು ಏನಂತ ಗೊತ್ತಿರ್ಲಿಲ್ಲ.

ಒಂದು ಮಾತು ಹೇಳ್ತೀನಿ. ನಾ ಐಟಿಐಗಿ ಹೋದಾಗ ಮೊದಲ ತಿಂಗಳು ವರ್ನಿಯರ್ ಕ್ಯಾಲಿಪರ್ ಕೈಯಾಗ ಕೊಟ್ರು. ಮೇನ್ ಸ್ಕೇಲ್ ಓದು, ಕೆಳಗಿನ ಯಾವ ಗೆರಿ ಮ್ಯಾಲಿನ ಗೆರಿಗಿ ಕೂಡ್ತದ ನೋಡು, ಅದನ್ನ 0.02 ದಿಂದ ಗುಣಿಸು, ಕೂಡಿಸು. ಸಾಲ್ಯಾಗ ದಶಮಾಂಶ ಗುಣಾಕಾರ ನನಗ ಬರ್ತಿತ್ತು, ಆದ್ರ ಅದು ಯಾತಕ್ಕ ಬೇಕಂತ ಆವತ್ತೇ ತಿಳೀತು. ನನ್ನ ಬಾಜು ಕುಂತವನಿಗೆ ದಶಮಾಂಶನೇ ಬರ್ತಿದ್ದಿಲ್ಲ. ಅಂವ ಅರ್ಧಕ್ಕ ಬಿಟ್ಟು ಹೋದ. ಕೈ ಭಾಳ ಛಲೋ ಇತ್ತು ಅವನ್ದು, ಫೈಲ್ ಹಿಡದ್ರ ಜಾಬ್ ಕನ್ನಡಿ ಹಾಂಗ ಬರ್ತಿತ್ತು. ಗಣಿತ ಕೈ ಕೊಡ್ತು.

ಅದಕ್ಕ ಕಸುಬು ಬ್ಯಾರೆ, ಓದು ಬ್ಯಾರೆ ಅಂತ ಇಡಬ್ಯಾಡ್ರಿ. ಎರಡೂ ಕೂಡೇ ಕಲಿಸ್ರಿ.

ಶಹಾಪುರ_ತಾಯಿ

ಮೇಷ್ಟ್ರೇ, ನನ್ನ ಮಗಳು ಬರೋ ವರ್ಷ ಒಂಬತ್ತನೇಕ್ಕ ಹೋಗ್ತಾಳ. ಸಾಲ್ಯಾಗ ಹಿಂದಿ ಬೇಕಾ ಐಟಿ ಬೇಕಾ ಅಂತ ಕೇಳ್ಯಾರ. ಐಟಿ ತಗೊಂಡ್ರ ಮುಂದ ಸೈನ್ಸ್ ಸಿಗಲ್ಲ ಅಂತ ಯಾರೋ ಹೇಳಿದ್ರು. ಖರೇನಾ? ಆಕಿಗಿ ನರ್ಸಿಂಗ್ ಮಾಡೋ ಮನಸ್ಸದ. ಹತ್ತಿ ಬಿಡಸೋ ಹಂಗಾಮಿನಾಗ ಓಣ್ಯಾಗಿನ ಅರ್ಧ ಹುಡುಗ್ಯಾರು ಸಾಲಿ ಬಿಟ್ಟು ಹೊಲಕ್ಕ ಹೋಗ್ತಾರ. ಈಕಿನ್ನ ನಾ ಒಂದಿನಾನೂ ಬಿಡಿಸಿಲ್ಲ.

ಗುರುಮಠಕಲ್_ವಕೀಲ

ಈ ಚರ್ಚೆಗೆ ನನ್ನ ವಿರೋಧವನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ.

ಕಸುಬಿನ ಶಿಕ್ಷಣ ಅಂದಾಗ ಕಸುಬು ಯಾರ ಮಕ್ಕಳಿಗೆ ಅನ್ನುವುದು ಮೊದಲ ಪ್ರಶ್ನೆ. ನಮ್ಮ ಅಜ್ಜ ಚಪ್ಪಲಿ ಹೊಲಿದರು, ನಮ್ಮಪ್ಪ ಹೊಲಿದರು. ನಾನು ಕಾನೂನು ಓದಿದ್ದು ಕಸುಬಿನಿಂದ ತಪ್ಪಿಸಿಕೊಳ್ಳಲಿಕ್ಕೆ ಹೊರತು ಇನ್ನೊಂದು ಕಸುಬಿಗೆ ಸೇರಲಿಕ್ಕೆ ಅಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಪ್ರಾಥಮಿಕ ಶಾಲೆಯ ಅವಧಿಯನ್ನು ಕಡಿಮೆ ಮಾಡಿ ಉಳಿದ ಹೊತ್ತು ಮಕ್ಕಳು ಅಪ್ಪನ ಕೆಲಸ ಕಲಿಯಲಿ ಅಂದಿತು. ಜನ ಅದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದು ಯೋಜನೆ ಕೈಬಿಟ್ಟರು. ಆ ವಿರೋಧ ನ್ಯಾಯವಾಗಿತ್ತು.

ಈಗ ಎನ್‌ಎಸ್‌ಕ್ಯೂಎಫ್ ಇರುವುದು ಯಾವ ಶಾಲೆಗಳಲ್ಲಿ? ಸರ್ಕಾರಿ ಶಾಲೆಗಳಲ್ಲಿ. ಅಲ್ಲಿ ಓದುವವರು ಯಾರು? ಕಲಬುರಗಿ ನಗರದ ದೊಡ್ಡ ಇಂಗ್ಲಿಷ್ ಮಾಧ್ಯಮ ಶಾಲೆಯ ಡಾಕ್ಟರ ಮಗ ಆಟೊಮೊಬೈಲ್ ತಗೊಳ್ಳುತ್ತಾನಾ? ಫಲಿತಾಂಶ ಕೆಟ್ಟಿದೆ ಅನ್ನುವ ನೆಪದಲ್ಲಿ ನಮ್ಮ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸುವ ಯಾವ ಸುಧಾರಣೆಯೂ ನಮಗೆ ಬೇಡ. ಗಣಿತ ಬರುವುದಿಲ್ಲ ಅಂದರೆ ಗಣಿತದ ಮೇಷ್ಟ್ರನ್ನು ಕೊಡಿ.

ಸೇಡಂ_ವಿಜ್ಞಾನ_ಮೇಷ್ಟ್ರು

ವಕೀಲರೇ, ನಿಮ್ಮ ಕೊನೆಯ ಸಾಲಿಗೆ ನನ್ನ ಪೂರ್ಣ ಒಪ್ಪಿಗೆ. ಅದಕ್ಕೇ ಪ್ರತಿ ಮಗು ಎಂದು ಬರೆದೆ. ಡಾಕ್ಟರ ಮಗನೂ ಸೇರಿ.

ಬೀದರ್_ಬೆಳ್ಳಿತಂತಿ

ನಾನು ಬೀದರ್‌ನ ಬಿದ್ರಿ ಕೆಲಸದ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂಡಿಸುವ ಕರಕುಶಲ) ಮನೆಯವನು. ಪದವಿ ಮುಗಿಸಿ ಈಗ ಅಂಗಡಿಯ ಲೆಕ್ಕ, ಆನ್‌ಲೈನ್ ಮಾರಾಟ ನೋಡಿಕೊಳ್ಳುತ್ತೇನೆ. ವಕೀಲ ಸಾಹೇಬರ ಮಾತು ಓದಿ ಎರಡು ದಿನ ಸುಮ್ಮನಿದ್ದೆ, ಯಾಕೆಂದರೆ ನಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತದೆ. ನಮ್ಮ ಚಾಚಾ ತಮ್ಮ ಮಗನಿಗೆ ಉಳಿ ಮುಟ್ಟಬೇಡ ಅಂತ ಹೇಳಿದ್ದಾರೆ.

ಆದರೆ ಈ ಕೆಲಸದ ಒಳಗೆ ಏನಿದೆ ಅಂತ ನೋಡಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಕರಗಿಸಿ ಅಚ್ಚಿಗೆ ಹುಯ್ಯುತ್ತೇವೆ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತೇವೆ, ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೀಚಿದ ಚಿತ್ರ ಕಣ್ಣಿಗೆ ಕಾಣುತ್ತದೆ. ಉಳಿಯಿಂದ ಕೆತ್ತಿ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂಡಿಸಿ, ಮತ್ತೆ ಉಜ್ಜಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ನೀರಿನಲ್ಲಿ ಬಿಸಿ ಮಾಡುತ್ತೇವೆ. ಸತುವಿನ ಮೈ ಕಡುಕಪ್ಪು ಆಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.

ಯಾಕೆ ಆಗುವುದಿಲ್ಲ? ಇದರ ಉತ್ತರ ಹತ್ತನೇ ತರಗತಿಯ ಲೋಹಗಳು ಮತ್ತು ಅಲೋಹಗಳು ಪಾಠದಲ್ಲಿದೆ. ಕ್ರಿಯಾಶೀಲತೆಯ ಸರಣಿಯಲ್ಲಿ ಸತು ಮೇಲೆ, ಬೆಳ್ಳಿ ಕೆಳಗೆ. ಮೈಲುತುತ್ತದಲ್ಲಿ ಸತು ಇಟ್ಟರೆ ತಾಮ್ರ ಬಂದು ಕೂರುತ್ತದೆ ಅನ್ನುವ ಮಾತೂ ಆ ಪಾಠದ್ದೇ. ನಾನು ಈ ಪಾಠವನ್ನು ಬಾಯಿಪಾಠ ಮಾಡಿ ಬರೆದೆ. ಶಾಲೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಅಪ್ಪ ದಿನಾ ಇದನ್ನೇ ಮಾಡುತ್ತಿದ್ದರು. ಇವೆರಡೂ ಒಂದೇ ಅಂತ ನನಗೂ ಹೊಳೆಯಲಿಲ್ಲ, ಮೇಷ್ಟ್ರೂ ಹೇಳಲಿಲ್ಲ, ಅಪ್ಪನಿಗೆ ಹೇಳುವವರೂ ಇರಲಿಲ್ಲ.

ಬೀದರ್‌ನ ಎಲ್ಲಾ ಮಕ್ಕಳೂ ಬಿದ್ರಿ ಕಲಿಯಲಿ ಅಂತ ನಾನು ಹೇಳುತ್ತಿಲ್ಲ. ಆದರೆ ವಿಜ್ಞಾನದ 20 ಆಂತರಿಕ ಅಂಕಗಳಲ್ಲಿ ಒಂದಿಷ್ಟನ್ನು ಊರಿನ ಒಂದು ಕೆಲಸವನ್ನು ನೋಡಿ, ಮಾಡಿ, ವಿವರಿಸಿ ಬರೆಯುವುದಕ್ಕೆ ಇಡಬಹುದಲ್ಲ? ಅದನ್ನು ಮಾಡುವವರು ಕುಶಲಕರ್ಮಿಗಳ ಮಕ್ಕಳೇ ಆಗಬೇಕಾಗಿಲ್ಲ. ಡಾಕ್ಟರ ಮಗ ಬಂದು ನಮ್ಮ ಕುಲುಮೆ ಮುಂದೆ ಕೂತು ಬರೆಯಲಿ.

ನಿವೃತ್ತ_ಜೆಒಸಿ

ನಾನು ಪಿಯು ಕಾಲೇಜಿನಲ್ಲಿ ಜೆಒಸಿ (ಜಾಬ್ ಓರಿಯೆಂಟೆಡ್ ಕೋರ್ಸ್) ಕಲಿಸಿದವನು. ಹೊಸ ಪೀಳಿಗೆಗೆ ಈ ಹೆಸರೇ ಗೊತ್ತಿಲ್ಲ. ವೃತ್ತಿಪರ ಕೋರ್ಸ್‌ಗಳು ನಮ್ಮ ರಾಜ್ಯದ ಪಿಯು ಹಂತಕ್ಕೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಎಲೆಕ್ಟ್ರಿಕಲ್ ವೈಂಡಿಂಗ್, ರೇಷ್ಮೆ, ಅಕೌಂಟೆನ್ಸಿ, ಪ್ರಯೋಗಾಲಯ ತಂತ್ರಜ್ಞ, ಹೀಗೆ ನಾನಾ ಕೋರ್ಸುಗಳಿದ್ದವು.

ಇದು ಇಂದಿನ ಮಾತಲ್ಲ ಅನ್ನುವುದನ್ನು ಮರೆಯಬಾರದು. 1882ರ ಹಂಟರ್ ಆಯೋಗವೇ ಪ್ರೌಢಶಾಲೆಯಲ್ಲಿ ವಿಶ್ವವಿದ್ಯಾಲಯದ ದಾರಿ ಒಂದು, ವ್ಯವಹಾರದ ದಾರಿ ಇನ್ನೊಂದು ಇರಲಿ ಅಂದಿತ್ತು. 1952–53ರ ಮುದಲಿಯಾರ್ ಆಯೋಗ ಬಹೂದ್ದೇಶ ಶಾಲೆ, ಅಂದರೆ ಓದೂ ಕಸುಬೂ ಒಂದೇ ಕಡೆ ಸಿಗುವ ಶಾಲೆ ಅಂದಿತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ, ಅಂದರೆ ಓದಿನ ಜೊತೆ ಕೈಕೆಲಸ ಅಂದಿತು. 1986ರ ರಾಷ್ಟ್ರೀಯ ನೀತಿ 1990ಕ್ಕೆ ಶೇ 10, 1995ಕ್ಕೆ ಶೇ 25ರಷ್ಟು ಪಿಯು ಹಂತದ ಮಕ್ಕಳು ವೃತ್ತಿಪರ ದಾರಿಗೆ ಬರಲಿ ಅಂತ ಗುರಿ ಇಟ್ಟಿತು. ಆ ಗುರಿಯ ಹತ್ತಿರವೂ ದೇಶ ಹೋಗಲಿಲ್ಲ. 2020ರ ನೀತಿ ಮತ್ತೆ 2025ರೊಳಗೆ ಶೇ 50 ಮಕ್ಕಳಿಗೆ ವೃತ್ತಿಯ ಪರಿಚಯ ಅಂದಿತು.

ನಮ್ಮ ಕೋರ್ಸ್ ಯಾಕೆ ಸೋತಿತು ಅಂತ ಹತ್ತಿರದಿಂದ ನೋಡಿದ್ದೇನೆ. ಯಂತ್ರ ಇರಲಿಲ್ಲ ಅನ್ನುವುದು ನಿಜ, ನಾವು ಅರೆಕಾಲಿಕ ನೌಕರರಾಗಿದ್ದೆವು ಅನ್ನುವುದೂ ನಿಜ. ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಜೆಒಸಿ ಮುಗಿಸಿದ ಹುಡುಗ ಡಿಗ್ರಿಗೆ ಹೋಗಬೇಕಂದರೆ, ಸರ್ಕಾರಿ ಅರ್ಜಿ ಹಾಕಬೇಕಂದರೆ, ಪ್ರತಿ ಸಲ ಇದು ಪಿಯುಸಿಗೆ ಸಮಾನವೋ ಅಲ್ಲವೋ ಅಂತ ಕಿಟಕಿಯಿಂದ ಕಿಟಕಿಗೆ ಓಡಾಡಬೇಕಿತ್ತು. ಒಬ್ಬ ಗುಮಾಸ್ತ ಹೌದು ಅಂದರೆ ಇನ್ನೊಬ್ಬ ಅಲ್ಲ ಅನ್ನುತ್ತಿದ್ದ. ಒಬ್ಬ ಅಣ್ಣ ಹೀಗೆ ಅಲೆದಾಡಿದ್ದನ್ನು ನೋಡಿದ ಮನೆಯವರು ತಮ್ಮನನ್ನು ಕಳಿಸಲಿಲ್ಲ. ಪ್ರವೇಶ ಇಳಿಯಿತು, ಕೋರ್ಸ್ ಮುಚ್ಚಿತು. ನಮ್ಮನ್ನು ಬೇರೆ ಬೇರೆ ಇಲಾಖೆಗಳಿಗೆ ವಿಲೀನ ಮಾಡಿದರು, ಅದಕ್ಕೆಂದೇ 2011ರಲ್ಲಿ ಒಂದು ಕಾಯ್ದೆ ಬಂತು. ಮೋಟಾರ್ ವೈಂಡಿಂಗ್ ಕಲಿಸುತ್ತಿದ್ದವರು ಕಚೇರಿಯಲ್ಲಿ ಫೈಲು ಹಿಡಿದರು.

ಮೇಷ್ಟ್ರೇ, ನಿಮ್ಮ ಮನವಿಯಲ್ಲಿ ಸಮಾನತೆಯ ಆದೇಶ ಮೊದಲು ಬರಲಿ, ಯಂತ್ರ ಆಮೇಲೆ ಬರಲಿ.

ಆಳಂದ_ಐಟಿಐ_ಬೋಧಕ

ಜೆಒಸಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆಯ ದಾರಿ ಹೇಗಿದೆ ನೋಡಿ: ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷ. ಅಂದರೆ ಫಿಟ್ಟರ್ ಹುಡುಗನೂ ಎಂಜಿನಿಯರ್ ಆಗುವ ದಾರಿ ಇದೆ. ಹತ್ತನೇ ತರಗತಿಯ ಕಸುಬಿನ ವಿಷಯಕ್ಕೆ ಮಾತ್ರ ಇಂಥ ಕೊಂಡಿ ಇಲ್ಲ.

ಕೊಂಡಿ ಹಾಕೋದು ಅಸಾಧ್ಯದ ಕೆಲಸ ಏನಲ್ಲ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಸರಿಯಾಗಿ ಓದಿ. ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಅಂಡ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಎಂಜಿನಿಯರಿಂಗ್ ಗ್ರಾಫಿಕ್ಸ್ ಅಂತ ವಿಷಯಗಳು ಅಲ್ಲಿವೆ. ಅವು ಕಿರಿಯ ತಾಂತ್ರಿಕ ಶಾಲೆಯ ಮಕ್ಕಳಿಗೆ. ಅವರು ಪಡೆಯೋದೂ ಎಸ್‌ಎಸ್‌ಎಲ್‌ಸಿಯನ್ನೇ. ಅಂದರೆ ನಮ್ಮ ಮಂಡಳಿಗೆ ಇದು ಹೊಸದಲ್ಲ, ಕೆಲವೇ ಶಾಲೆಗಳಲ್ಲಿ ಇರುವುದನ್ನು ಹಿಗ್ಗಿಸಬೇಕು ಅಷ್ಟೇ.

ಯಂತ್ರದ ವಿಷಯಕ್ಕೆ ಬಂದರೆ, ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆಯ ಯೋಜನೆಯಲ್ಲಿ ಮೇಲ್ದರ್ಜೆಗೇರಿವೆ, 2022ರಲ್ಲಿ ಅವುಗಳ ಉದ್ಘಾಟನೆ ಆಯಿತು. ಸಿಎನ್‌ಸಿ, ರೋಬೋಟ್, ತ್ರೀಡಿ ಪ್ರಿಂಟರ್ ಬಂದಿವೆ. ಪ್ರತಿ ಪ್ರೌಢಶಾಲೆಗೂ ವರ್ಕ್‌ಶಾಪ್ ಕಟ್ಟಲು ಕೂತರೆ ನಮ್ಮ ಮೊಮ್ಮಕ್ಕಳ ಕಾಲ ಬರುತ್ತದೆ. ತಾಲ್ಲೂಕಿನ ಪ್ರೌಢಶಾಲೆಗಳ ಮಕ್ಕಳನ್ನು ವಾರಕ್ಕೊಂದು ದಿನ ಹತ್ತಿರದ ಐಟಿಐಗೆ ಕರೆತನ್ನಿ. ಬಸ್ಸಿನ ಖರ್ಚನ್ನು ಕಲ್ಯಾಣ ಕರ್ನಾಟಕ ಮಂಡಳಿಯ ಶಿಕ್ಷಣ ಕಾರ್ಯಕ್ರಮ ಅಕ್ಷರ ಆವಿಷ್ಕಾರದ ದುಡ್ಡಿನಿಂದ ಕೊಡಬಹುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ನೇಮಕಾತಿಯ ಮೀಸಲಾತಿಗೆ ಮಾತ್ರ ಅಲ್ಲವಲ್ಲ. ಹಾಗೆ ನಮ್ಮಲ್ಲಿ ಕಲಿತ ತಾಸುಗಳನ್ನು ಬರೆದಿಟ್ಟು, ಅದೇ ಹುಡುಗ ಐಟಿಐಗೆ ಬಂದಾಗ ಮೊದಲ ವರ್ಷದ ಅಷ್ಟು ಪ್ರಾಯೋಗಿಕ ತರಗತಿಗೆ ವಿನಾಯಿತಿ ಕೊಟ್ಟು ಮುಂದಿನ ಕೆಲಸ ಹಚ್ಚಬೇಕು.

ಬರ್ಮಿಂಗ್‌ಹ್ಯಾಮ್_ಕಲಬುರ್ಗಿ

ಹುಟ್ಟೂರು ಚಿತ್ತಾಪುರ, ಈಗ ಇಂಗ್ಲೆಂಡಿನಲ್ಲಿ ಶಾಲಾ ಶಿಕ್ಷಕಿ. ಇಲ್ಲಿನ ಒಂದು ಪಾಠ ಹೇಳಬೇಕು ಅನಿಸಿತು. ಇಲ್ಲಿ ಹಲವು ವೃತ್ತಿಪರ ಅರ್ಹತೆಗಳನ್ನು ಹತ್ತನೇ ತರಗತಿಗೆ ಸರಿಸಮ ಇರುವ ಜಿಸಿಎಸ್‌ಇಗೆ ಸಮಾನ ಅಂತ ಘೋಷಿಸಿದ್ದರು. ಶಾಲೆಗಳು ಫಲಿತಾಂಶ ಪಟ್ಟಿಯಲ್ಲಿ ಮೇಲೇರಲಿಕ್ಕೆ ಸುಲಭದ ಕೋರ್ಸುಗಳಿಗೆ ಮಕ್ಕಳನ್ನು ಹಚ್ಚಿದವು. 2011ರಲ್ಲಿ ಅಲಿಸನ್ ವುಲ್ಫ್ ಅವರ ವರದಿ ಬಂತು. ಲಕ್ಷಾಂತರ ಮಕ್ಕಳ ಕೈಯಲ್ಲಿ ಕೆಲಸಕ್ಕೂ ಬಾರದ, ಮುಂದಿನ ಓದಿಗೂ ಬಾರದ ಪ್ರಮಾಣಪತ್ರಗಳಿವೆ ಅಂತ ಅದು ಹೇಳಿತು. ಗಣಿತ, ಇಂಗ್ಲಿಷ್ ಬಿಡಿಸಬೇಡಿ, ಪಾಸಾಗದವರು 16 ದಾಟಿದ ಮೇಲೂ ಓದಲಿ ಅಂತ ಅದರ ಮುಖ್ಯ ಶಿಫಾರಸು. 2020ರಲ್ಲಿ ಬಂದ ಟಿ ಲೆವೆಲ್‌ನಲ್ಲಿ (16 ದಾಟಿದವರ ತಾಂತ್ರಿಕ ಕೋರ್ಸ್) 45 ದಿನ ಕಂಪನಿಯಲ್ಲಿ ನಿಜವಾದ ಕೆಲಸ ಕಡ್ಡಾಯ.

ನಮ್ಮ ಜಿಲ್ಲೆಗಳಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಶೇಕಡಾವಾರು ಏರಿಸುವ ಒತ್ತಡ ಇದ್ದಲ್ಲಿ ಕಸುಬಿನ ವಿಷಯ ಅಂಕ ಕೊಡುವ ವಿಷಯ ಆಗಿಬಿಡುತ್ತದೆ. 2025–26ರಿಂದ ಪಾಸಿಗೆ ಒಟ್ಟು 625ಕ್ಕೆ 206 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಅಂತ ಆಗಿದೆ. ಒಂದು ವಿಷಯದಲ್ಲಿ ಕಣ್ಣುಮುಚ್ಚಿ 90 ಹಾಕಿದರೆ ಉಳಿದವುಗಳ ಕೊರತೆ ಮುಚ್ಚಿಹೋಗುತ್ತದೆ. ಪ್ರಾಯೋಗಿಕ ಪರೀಕ್ಷೆಗೆ ಬೇರೆ ಸಂಸ್ಥೆಯ ಪರೀಕ್ಷಕರು ಬರಲೇಬೇಕು.

ಗುರುಮಠಕಲ್_ವಕೀಲ

ಬರ್ಮಿಂಗ್‌ಹ್ಯಾಮ್ ಮೇಡಂ ಹೇಳಿದ್ದು ನನ್ನ ಭಯಕ್ಕೆ ಹತ್ತಿರ ಇದೆ. ಬೀದರ್ ಸಹೋದರರ ಬರಹ ಓದಿ ನನ್ನ ನಿಲುವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಣಿತ, ವಿಜ್ಞಾನ, ಭಾಷೆ ಒಂದು ತಾಸೂ ಕಡಿಮೆಯಾಗಬಾರದು. ಖಾಸಗಿ, ಅನುದಾನಿತ, ಸರ್ಕಾರಿ, ಮೊರಾರ್ಜಿ ವಸತಿ ಶಾಲೆ, ಎಲ್ಲ ಕಡೆ ಒಂದೇ ಸಲ ಬರಬೇಕು. ಒಂಬತ್ತನೇ ತರಗತಿಯಲ್ಲಿ ಯಾವ ಮಗುವಿಗೂ ನೀನು ಕಸುಬಿನ ಕಡೆ, ನೀನು ಓದಿನ ಕಡೆ ಅಂತ ಹೇಳಬಾರದು. ಈ ಷರತ್ತುಗಳು ಮನವಿಯಲ್ಲಿ ಇದ್ದರೆ ನಾನೂ ಸಹಿ ಮಾಡುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ಮೊದಲು ಪ್ರಾಯೋಗಿಕವಾಗಿ ಅಂತ ಬರೆದರೆ ಮಾಡುವುದಿಲ್ಲ.

ಚಿಂಚೋಳಿ_ತರಬೇತುದಾರ್ತಿ

ನಾನು ಇದೇ ವಿಷಯ ಕಲಿಸುವ ಹೊರಗುತ್ತಿಗೆ ತರಬೇತುದಾರಳು. ಇಷ್ಟು ಜನ ಇಷ್ಟು ಬರೆದಿರಿ, ನಮ್ಮ ಮಾತು ಯಾರೂ ಎತ್ತಲಿಲ್ಲ ಅಂತ ಬೇಸರ ಆಯಿತು.

ನಮ್ಮನ್ನು ಶಾಲೆ ನೇಮಿಸುವುದಿಲ್ಲ. ಇಲಾಖೆ ಏಜೆನ್ಸಿಗೆ ಕೊಡುತ್ತದೆ, ಏಜೆನ್ಸಿ ನಮಗೆ ಕೊಡುತ್ತದೆ. ಏಜೆನ್ಸಿ ಬದಲಾದಾಗ ಪಗಾರ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದರೂ ನಮ್ಮ ಆದೇಶ ಬರುವುದು ತಡ, ಅಷ್ಟರೊಳಗೆ ಮಕ್ಕಳು ಹಿಂದಿ ಪುಸ್ತಕ ತಗೊಂಡಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ಇದ್ದರೂ ನಮ್ಮ ವಿಷಯಕ್ಕೆ ಕೋಣೆ ಇಲ್ಲ. ಕಂಪ್ಯೂಟರ್ ಬಂದಿದ್ದರೆ ಬ್ಯಾಟರಿ ಸತ್ತಿರುತ್ತದೆ.

ಇನ್ನೊಂದು ಮಾತು. ನನಗೆ ಕೊಟ್ಟದ್ದು ಬ್ಯೂಟಿ ಅಂಡ್ ವೆಲ್‌ನೆಸ್. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಕೇಳದೆಯೇ ಅದಕ್ಕೆ ಹೆಸರು ಬರೆಯುತ್ತಾರೆ. ಪಕ್ಕದ ಶಾಲೆಯ ಆಟೊಮೊಬೈಲ್ ತರಗತಿಯಲ್ಲಿ ಒಬ್ಬ ಹುಡುಗಿಯೂ ಇಲ್ಲ. ನಮ್ಮ ತರಗತಿಯ ಒಬ್ಬಳು ಅಪ್ಪನ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ, ರಿಲೇ ಟ್ರಿಪ್ ಆಗಿರುವುದನ್ನು ಕಂಡುಹಿಡಿದು, ಸೆಟ್ಟಿಂಗ್ ನೋಡಿ ಮತ್ತೆ ಚಾಲೂ ಮಾಡುತ್ತಾಳೆ. ಅವಳಿಗೆ ನಾನು ಫೇಶಿಯಲ್ ಕಲಿಸುತ್ತಿದ್ದೇನೆ. ಅದೂ ಮರ್ಯಾದೆಯ ಕೆಲಸವೇ, ಕಲಿತವರು ಪಾರ್ಲರ್ ಹಾಕಿ ಮನೆ ನಡೆಸಿದ್ದಾರೆ. ಆದರೆ ಆ ಹುಡುಗಿಗೆ ಬೇಕಾದದ್ದು ಅದಲ್ಲ. ಒಂದು ಶಾಲೆಗೆ ಒಂದೆರಡೇ ವಿಷಯ ಅನ್ನುವ ನಿಯಮ ಇರುವವರೆಗೆ ಆಯ್ಕೆ ಅನ್ನುವುದು ಬರೀ ಹೆಸರಿಗೆ. ಆಳಂದ ಸರ್ ಹೇಳಿದ ಹಾಗೆ ತಾಲ್ಲೂಕಿನ ಮಕ್ಕಳೆಲ್ಲ ಒಂದು ಕೇಂದ್ರಕ್ಕೆ ಬಂದರೆ ಆಗ ಅವಳು ಎಲೆಕ್ಟ್ರಿಕಲ್ ತಗೋಬಹುದು.

ಸೇಡಂ_ವಿಜ್ಞಾನ_ಮೇಷ್ಟ್ರು

ಮೇಡಂ, ನಿಮ್ಮ ಮಾತು ಮನವಿಯ ಮೊದಲ ಪುಟಕ್ಕೇ ಹೋಗುತ್ತದೆ. ಕಲಿಸುವವರ ಕೆಲಸ ಭದ್ರ ಇಲ್ಲದೆ ಉಳಿದ ಯಾವ ಆದೇಶ ಬಂದರೂ ತರಗತಿಯೊಳಗೆ ಇಳಿಯುವುದಿಲ್ಲ.

ಇದಕ್ಕೆ ಈಗ ಆತುರ ಯಾಕೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಕೊಟ್ಟಿದೆ. ಅದರಲ್ಲಿ ದ್ವಿಭಾಷಾ ಸೂತ್ರದ, ಅಂದರೆ ಮೂರರ ಬದಲು ಎರಡೇ ಭಾಷೆ ಸಾಕು ಅನ್ನುವ ಶಿಫಾರಸು ಇದೆ. ಎನ್‌ಎಸ್‌ಕ್ಯೂಎಫ್ ಈಗ ಕೂತಿರುವುದು ತೃತೀಯ ಭಾಷೆಯ ಕುರ್ಚಿಯಲ್ಲಿ. ಆ ಕುರ್ಚಿಯನ್ನೇ ತೆಗೆದರೆ ಈ ವಿಷಯ ಎಲ್ಲಿ ಕೂರಬೇಕು? ಖಾಲಿಯಾದ ಜಾಗವನ್ನು ಎಲ್ಲ ಶಾಲೆಗಳಿಗೂ ಕಸುಬಿನ ಕಡ್ಡಾಯ ವಿಷಯಕ್ಕೆ ಕೊಡಿ ಅಂತ ಕೇಳುವುದಕ್ಕೆ ಇದೇ ಸಮಯ. ಹಾಗೆ ಕೊಟ್ಟರೆ ವಕೀಲರು ಹೇಳಿದಂತೆ ಗಣಿತ, ವಿಜ್ಞಾನದಿಂದ ಒಂದು ತಾಸೂ ಕದಿಯಬೇಕಾಗುವುದಿಲ್ಲ. ಸುಮ್ಮನಿದ್ದರೆ ತೃತೀಯ ಭಾಷೆಯ ಜಾಗವೂ ಕಸುಬಿನ ವಿಷಯವೂ ಎರಡೂ ಹೋಗುತ್ತವೆ.

ಕಡೇಚೂರ್_ಫಿಟ್ಟರ್

ಸರ, ಕಾರ್ಖಾನಿಯವರಿಗೂ ಒಂದು ಪ್ರತಿ ಕಳಸ್ರಿ. ಅಪ್ರೆಂಟಿಸ್ ತಗೊಳ್ಳಾಗ ಈ ಸರ್ಟಿಫಿಕೇಟ್ ಇದ್ದವರಿಗೆ ಮೊದಲ ಅವಕಾಶ ಕೊಡ್ತೀವಿ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಾಗ ಕುಂತು ಬರಕೊಟ್ರ ಸಾಕು, ಊರಾಗಿನ ಮಂದಿ ತಾವೇ ಮಕ್ಕಳ್ನ ಹಚ್ತಾರ. ಈ ಕಡಿ ಸಿಮೆಂಟ್ ಅದ, ಅತ್ತ ಹುಮನಾಬಾದ್ ಕಡಿ ಔಷಧ ಕಾರ್ಖಾನಿ ಅವ, ಕಲಬುರ್ಗ್ಯಾಗ ದಾಲ್ ಮಿಲ್ ಅವ. ನಮ್ಮ ಹುಡುಗ್ರು ಪುಣೆಕ್ಕ, ಬೆಂಗಳೂರಿಗಿ ಗುಳೇ ಹೋಗಿ ಮಾಡೋ ಕೆಲಸ ಇಲ್ಲೇ ಅವ.

ಶಹಾಪುರ_ತಾಯಿ

ಎಲ್ಲಾರೂ ಭಾಳ ಛಂದ ಬರದೀರಿ. ನನ್ನ ಪ್ರಶ್ನೆಗೆ ಯಾರರ ಹೇಳ್ರಿ. ಸೋಮವಾರ ಸಾಲ್ಯಾಗ ಹೆಸರು ಬರಸಬೇಕು.

ಚಿಂಚೋಳಿ_ತರಬೇತುದಾರ್ತಿ

ಅಕ್ಕಾ, ತಡ ಆಯಿತು, ಮನ್ನಿಸಿ. ಐಟಿ ತಗೊಂಡರೆ ಸೈನ್ಸ್ ಸಿಗಲ್ಲ ಅನ್ನೋದು ಸುಳ್ಳು. ಪಿಯು ಸೈನ್ಸ್‌ಗೆ ನೋಡೋದು ಆಕೆಯ ಒಟ್ಟು ಅಂಕ ಮತ್ತು ವಿಜ್ಞಾನ, ಗಣಿತ. ತೃತೀಯ ಭಾಷೆಯ ಜಾಗದಲ್ಲಿ ಐಟಿ ಇದ್ದರೆ ತೊಂದರೆ ಇಲ್ಲ. ನರ್ಸಿಂಗ್ ಮನಸ್ಸಿದ್ದರೆ ನಿಮ್ಮ ಶಾಲೆಯಲ್ಲಿ ಹೆಲ್ತ್‌ಕೇರ್ ಇದೆಯಾ ಅಂತ ಮೊದಲು ಕೇಳಿ, ಇದ್ದರೆ ಅದನ್ನೇ ಬರೆಸಿ. ಇಲ್ಲದಿದ್ದರೆ ಐಟಿ. ಆದರೆ ಬರೆಸುವ ಮುಂಚೆ ಹೆಡ್‌ಮಾಸ್ಟರ್ ಹತ್ತಿರ ಎರಡು ವಿಷಯ ಕೇಳಿ: ಈ ವರ್ಷದ ತರಬೇತುದಾರರ ಆದೇಶ ಬಂದಿದೆಯಾ, ಹೋದ ವರ್ಷ ಮಕ್ಕಳು ಕಂಪ್ಯೂಟರ್ ಮುಂದೆ ಕೂತಿದ್ದಾರಾ. ಎರಡಕ್ಕೂ ಹೌದು ಅಂದರೆ ಧೈರ್ಯದಿಂದ ಹಚ್ಚಿ. ಇಲ್ಲ ಅಂದರೆ ಈ ವರ್ಷ ಹಿಂದಿಯೇ ಇರಲಿ, ಮತ್ತು ನಿಮ್ಮ ಹೆಸರನ್ನು ಮೇಷ್ಟ್ರ ಮನವಿಗೆ ಕೊಡಿ.

ಶಹಾಪುರ_ತಾಯಿ

ಹೆಸರು ಬರಕೋರಿ ಮೇಷ್ಟ್ರೇ. ನಮ್ಮ ಓಣ್ಯಾಗಿನ ಇನ್ನ ನಾಕು ಮಂದಿ ತಾಯಂದ್ರ ಸಹಿನೂ ತರ್ತೀನಿ.